ತಂಗಳು ಬ್ರೆಡ್ಡು, ಹಬ್ಬದ ಪುಡ್ಡಿಂಗ್

ಕ್ರಿಸ್‌ಮಸ್ ಹತ್ತಿರವಾದಂತೆ ಇಂಗ್ಲೆಂಡ್, ಅಮೆರಿಕಗಳ ಮನೆಗಳಲ್ಲಿ ತಯಾರಾಗುವ ಸಿಹಿತಿನಿಸುಗಳಲ್ಲಿ ಬ್ರೆಡ್ ಪುಡ್ಡಿಂಗ್ ಒಂದು. ಒಂದೆರಡು ದಿನದ ಹಿಂದಿನ ಬ್ರೆಡ್ಡಿನ ತುಂಡುಗಳನ್ನು ಹಾಲು, ಮೊಟ್ಟೆ, ಸಕ್ಕರೆಗಳ ಮಿಶ್ರಣದಲ್ಲಿ ನೆನೆಸಿ ಬೇಯಿಸುವುದು, ಇಷ್ಟೇ ಅದರ ತಿರುಳು. ಮೂಲತಃ ಇದು ಮಿಕ್ಕ ಬ್ರೆಡ್ಡನ್ನು ವ್ಯರ್ಥ ಮಾಡಬಾರದೆಂಬ ಮಿತವ್ಯಯದ ಅಡುಗೆ. 1747ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಹಾನಾ ಗ್ಲಾಸ್ ಅವರ ಪ್ರಸಿದ್ಧ ಪಾಕಪುಸ್ತಕದಲ್ಲಿ ಇದರ ವಿಧಾನವಿದೆ. ಹಬ್ಬ ಬಂದಾಗ ಅದೇ ತಿನಿಸಿಗೆ ಕೆನೆ, ಹೆಚ್ಚು ಮೊಟ್ಟೆ, ಬೆಣ್ಣೆ, ಒಣದ್ರಾಕ್ಷಿ, ಜಾಯಿಕಾಯಿ ಸೇರಿ ಅದು ಶ್ರೀಮಂತವಾಗುತ್ತದೆ. ಚಾರ್ಲ್ಸ್ ಡಿಕನ್ಸ್ 1843ರಲ್ಲಿ ಬರೆದ ಕ್ರಿಸ್‌ಮಸ್ ಕಥೆಯಲ್ಲಿ ಬರುವ ಪುಡ್ಡಿಂಗ್ ಬೇರೆಯದು. ಅದು ಒಣಹಣ್ಣು ಮತ್ತು ಪ್ರಾಣಿಕೊಬ್ಬು ಸೇರಿಸಿ ಗಂಟೆಗಟ್ಟಲೆ ಬೇಯಿಸಿದ್ದು. ಎರಡನ್ನೂ ಒಂದೇ ಎಂದು ತಿಳಿಯುವವರು ಬಹಳ ಮಂದಿ.

ಇಷ್ಟು ಸರಳವಾದ ಅಡುಗೆಯೂ ಕೈಕೊಡುವುದುಂಟು. ಕೆಲವೊಮ್ಮೆ ಬ್ರೆಡ್ಡು ಹಾಲಿನಲ್ಲಿ ಕದಡಿ ಅಂಟು ಮುದ್ದೆಯಾಗುತ್ತದೆ. ಕೆಲವೊಮ್ಮೆ ಮೊಟ್ಟೆ ಗಂಟುಗಂಟಾಗಿ, ಪಾತ್ರೆಯ ತಳದಲ್ಲಿ ನೀರು ನಿಲ್ಲುತ್ತದೆ. ಇವೆರಡೂ ಕಣ್ಣಿಗೆ ಕಾಣುವ ಸೋಲುಗಳು. ಮೂರನೆಯದು ಕಾಣುವುದಿಲ್ಲ: ಮೇಲ್ಭಾಗ ಕೆಂಪಗೆ ಬೆಂದಿದ್ದರೂ ನಡುಭಾಗ ಸಾಕಷ್ಟು ಬಿಸಿಯಾಗದೆ, ಮೊಟ್ಟೆಯಲ್ಲಿ ಇದ್ದಿರಬಹುದಾದ ಸಾಲ್ಮೊನೆಲ್ಲ ಬ್ಯಾಕ್ಟೀರಿಯ ಸಾಯದೆ ಉಳಿಯುವುದು. ಮೊದಲನೆಯದಕ್ಕೆ ಕಾರಣ ಪಿಷ್ಟದ ವರ್ತನೆಯಲ್ಲಿದೆ. ಉಳಿದೆರಡೂ ಉಷ್ಣತೆಗೆ ಸಂಬಂಧಿಸಿದವು. ಬೇಯುವಿಕೆ ಕಡಿಮೆಯಾದರೆ ರೋಗದ ಭಯ, ಹೆಚ್ಚಾದರೆ ತಿನಿಸು ಒಡೆಯುವ ಭಯ. ಇವುಗಳ ನಡುವಿನ ಅಂತರ ಎಷ್ಟು, ಅದರೊಳಗೆ ನಿಲ್ಲುವುದು ಹೇಗೆ ಎಂಬುದನ್ನು ತಿಳಿದವರಿಗೆ ಪಾಕವಿಧಾನ ಬಾಯಿಪಾಠ ಬೇಕಿಲ್ಲ.

ಒಣಗಿದ್ದಲ್ಲ, ತಂಗಳಾದದ್ದು

ಹಳೆಯ ಬ್ರೆಡ್ಡು ಏಕೆ ಗಟ್ಟಿಯಾಗುತ್ತದೆ? ತರಗತಿಯಲ್ಲಿ ಈ ಪ್ರಶ್ನೆ ಕೇಳಿದರೆ ‘ನೀರು ಆರಿಹೋಗುತ್ತದೆ’ ಎಂಬ ಉತ್ತರ ತಟ್ಟನೆ ಬರುತ್ತದೆ. ಈ ಉತ್ತರ ಅರ್ಧ ಮಾತ್ರ ಸರಿ. ಫ್ರಾನ್ಸಿನ ರಸಾಯನವಿಜ್ಞಾನಿ ಜಾನ್ ಬಾಪ್ಟಿಸ್ಟ್ ಬೂಸಾಂಗೋ 1852ರಷ್ಟು ಹಿಂದೆಯೇ ಇದನ್ನು ಪರೀಕ್ಷಿಸಿದ್ದ. ತೇವ ಹೊರಹೋಗದಂತೆ ಭದ್ರವಾಗಿ ಮುಚ್ಚಿಟ್ಟ ಬ್ರೆಡ್ಡೂ ಗಟ್ಟಿಯಾಗುತ್ತದೆ, ಮತ್ತೆ ಬಿಸಿಮಾಡಿದರೆ ಮೆತ್ತಗಾಗುತ್ತದೆ ಎಂದು ಅವನು ತೋರಿಸಿದ. ನೀರು ಎಲ್ಲಿಗೂ ಹೋಗಿರಲಿಲ್ಲ. ಬದಲಾದದ್ದು ಪಿಷ್ಟದ ಜೋಡಣೆ. 20ನೇ ಶತಮಾನದ ಮೊದಲ ದಶಕಗಳಲ್ಲಿ ಹಾಲೆಂಡಿನ ಜೆ. ಆರ್. ಕಾಟ್ಸ್ ಎಕ್ಸ್-ಕಿರಣಗಳ ನೆರವಿನಿಂದ ಈ ಬದಲಾವಣೆಯನ್ನು ಅಧ್ಯಯನ ಮಾಡಿದರು.

ಗೋಧಿಹಿಟ್ಟಿನಲ್ಲಿ ಪಿಷ್ಟವು ಸಣ್ಣ ಸಣ್ಣ ಕಣಗಳ ರೂಪದಲ್ಲಿರುತ್ತದೆ. ಕಣದೊಳಗೆ ಅಮೈಲೋಸ್ ಎಂಬ ನೀಳ ಅಣುಗಳೂ, ಅಮೈಲೋಪೆಕ್ಟಿನ್ ಎಂಬ ಕವಲೊಡೆದ ಅಣುಗಳೂ ಇವೆ. ಅವುಗಳ ಕೆಲವು ಭಾಗಗಳು ಸ್ಫಟಿಕದಂತೆ ಶಿಸ್ತಾಗಿ ಜೋಡಣೆಗೊಂಡಿವೆ. ಹಿಟ್ಟು ನೀರಿನೊಡನೆ 60° ಸೆ. ಆಸುಪಾಸಿಗೆ ಬಿಸಿಯಾದಾಗ ಈ ಶಿಸ್ತು ಮುರಿದು ಕಣ ನೀರು ಕುಡಿದು ಉಬ್ಬುತ್ತದೆ. ಗಂಜಿ ಗಟ್ಟಿಯಾಗುವುದೂ, ಬ್ರೆಡ್ಡಿನ ಒಳಭಾಗ ಮೆತ್ತಗಾಗುವುದೂ ಇದರಿಂದಲೇ. ಬ್ರೆಡ್ಡು ತಣಿದ ಮೇಲೆ ಅಣುಗಳು ಮತ್ತೆ ಹತ್ತಿರ ಬಂದು ಕೈಕೈ ಹಿಡಿಯತೊಡಗುತ್ತವೆ. ಅಮೈಲೋಸ್ ಕೆಲವೇ ಗಂಟೆಗಳಲ್ಲಿ ಜೋಡಣೆಗೊಳ್ಳುತ್ತದೆ. ಒಲೆಯಿಂದ ಆಗತಾನೆ ತೆಗೆದ ಬ್ರೆಡ್ಡನ್ನು ತೆಳ್ಳಗೆ ಹೋಳು ಮಾಡಲಾಗದು, ತಣಿದ ಮೇಲೆ ಮಾಡಬಹುದು ಎಂಬುದಕ್ಕೆ ಇದು ಒಂದು ಕಾರಣ. ಅಮೈಲೋಪೆಕ್ಟಿನ್ ನಿಧಾನ, ಅದು ದಿನಗಟ್ಟಲೆ ಸಮಯ ತೆಗೆದುಕೊಂಡು ಮರಳಿ ಸ್ಫಟಿಕವಾಗುತ್ತದೆ. ಬ್ರೆಡ್ಡಿನ ಗಟ್ಟಿತನ ಅದರದ್ದು.

ಇದಕ್ಕೆ ನಮ್ಮ ಅಡುಗೆಮನೆಯಲ್ಲೇ ಒಳ್ಳೆಯ ಉದಾಹರಣೆ ಇದೆ. ರಾತ್ರಿಯ ಅನ್ನವನ್ನು ಮುಚ್ಚಿಯೇ ಇಟ್ಟಿದ್ದರೂ ಬೆಳಿಗ್ಗೆ ಅಗುಳು ಬಿರುಸಾಗಿ ಬಿಡಿಬಿಡಿಯಾಗಿರುತ್ತದೆ. ಅಂಥ ಅನ್ನಕ್ಕೆ ಚಿತ್ರಾನ್ನದ ಒಗ್ಗರಣೆ ಚೆನ್ನಾಗಿ ಹೊಂದುತ್ತದೆ. ಆಗತಾನೆ ಬಾಗಿಸಿದ ಅನ್ನವನ್ನು ಬಾಣಲೆಗೆ ಹಾಕಿದರೆ ಮುದ್ದೆಯಾಗುತ್ತದೆ. ತಂಗಳನ್ನಕ್ಕೂ ತಂಗಳು ಬ್ರೆಡ್ಡಿಗೂ ನಡೆಯುವುದು ಒಂದೇ ಕ್ರಿಯೆ. ‘ತಂಗಳು’ ಮತ್ತು ‘ಹಳಸಲು’ ಎಂಬ ಎರಡು ಬೇರೆ ಪದಗಳನ್ನು ಕನ್ನಡ ಇಟ್ಟುಕೊಂಡಿರುವುದು ಇಲ್ಲಿ ಉಪಯುಕ್ತ. ಪುಡ್ಡಿಂಗಿಗೆ ಬೇಕಾದದ್ದು ತಂಗಳು ಬ್ರೆಡ್ಡು, ಹಳಸಿದ್ದಲ್ಲ. ಒಂದು ಹೋಳಿನ ಮೂಲೆಯಲ್ಲಿ ಬೂಷ್ಟು ಕಂಡರೂ ಆ ಪೊಟ್ಟಣವನ್ನು ಬಿಸಾಡಬೇಕು. ಬೂಷ್ಟಿನ ಎಳೆಗಳು ಕಾಣುವ ಕಲೆಗಿಂತ ಆಚೆಗೂ ಹರಡಿರುತ್ತವೆ. ಕೆಲವು ಬೂಷ್ಟುಗಳು ಉತ್ಪಾದಿಸುವ ವಿಷಗಳು ಬೇಯಿಸಿದರೂ ನಾಶವಾಗುವುದಿಲ್ಲ.

ಇದನ್ನು ಶಾಲೆಯಲ್ಲಿ ಪರೀಕ್ಷಿಸುವುದು ಸುಲಭ. ಒಂದೇ ಪೊಟ್ಟಣದಿಂದ ಮೂರು ಹೋಳು ತೆಗೆದು ತೂಗಿ ಗುರುತು ಹಾಕಿ. ಒಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಕೋಣೆಯಲ್ಲಿಡಿ, ಇನ್ನೊಂದನ್ನು ಹಾಗೆಯೇ ಕಟ್ಟಿ ಫ್ರಿಜ್ಜಿನಲ್ಲಿಡಿ, ಮೂರನೆಯದನ್ನು ತಟ್ಟೆಯಲ್ಲಿ ತೆರೆದಿಡಿ. ಎರಡು ದಿನದ ನಂತರ ಮತ್ತೆ ತೂಗಿದರೆ ಕಟ್ಟಿಟ್ಟ ಎರಡೂ ಹೆಚ್ಚುಕಡಿಮೆ ಮೊದಲಿನಷ್ಟೇ ತೂಗುತ್ತವೆ. ಆದರೆ ಫ್ರಿಜ್ಜಿನದು ಎದ್ದು ಕಾಣುವಂತೆ ಗಟ್ಟಿಯಾಗಿರುತ್ತದೆ, ಏಕೆಂದರೆ ಪಿಷ್ಟದ ಮರುಸ್ಫಟಿಕೀಕರಣ ಅತ್ಯಂತ ಬಿರುಸಾಗಿ ನಡೆಯುವುದು ನೀರು ಹೆಪ್ಪುಗಟ್ಟುವ ಬಿಂದುವಿಗಿಂತ ತುಸು ಮೇಲೆ, ಅಂದರೆ ಫ್ರಿಜ್ಜಿನ ಉಷ್ಣತೆಯಲ್ಲೇ. ಫ್ರೀಜರಿನ ಮೈನಸ್ 18° ಸೆ.ನಲ್ಲಿ ಅದು ಬಹುಪಾಲು ನಿಂತುಹೋಗುತ್ತದೆ. ಗಟ್ಟಿಯಾದ ಹೋಳನ್ನು ಒಂದೆರಡು ನಿಮಿಷ ಇಡ್ಲಿ ಪಾತ್ರೆಯ ಹಬೆಯಲ್ಲಿಟ್ಟರೆ ಅದು ಮತ್ತೆ ಮೆತ್ತಗಾಗುವುದನ್ನೂ ಮಕ್ಕಳಿಗೆ ತೋರಿಸಿ. ಪೊಟ್ಟಣದ ಮೇಲೆ 471 ಎಂಬ ಸಂಖ್ಯೆಯ ಎಮಲ್ಸಿಕಾರಕ ನಮೂದಾಗಿದ್ದರೆ ವ್ಯತ್ಯಾಸ ಕಡಿಮೆ ಕಾಣಬಹುದು. ಈ ಕೊಬ್ಬಿನ ಸಂಯುಕ್ತ ಪಿಷ್ಟದ ಅಣುಗಳಿಗೆ ಅಂಟಿಕೊಂಡು ಬ್ರೆಡ್ಡು ಗಟ್ಟಿಯಾಗುವುದನ್ನು ತಡಮಾಡುತ್ತದೆ. ಬೇಕರಿಯವರು ಅದನ್ನು ಬಳಸುವುದೇ ಅದಕ್ಕೆ.

ಪುಡ್ಡಿಂಗಿಗೆ ಇದರಿಂದೇನು? ಬ್ರೆಡ್ಡು ಒಂದು ಸ್ಪಂಜು. ಅದರ ರಂಧ್ರಗಳ ಗೋಡೆಯಲ್ಲಿ ಗೋಧಿಯ ಪ್ರೋಟೀನಾದ ಗ್ಲುಟೆನ್ ಮತ್ತು ಪಿಷ್ಟ ಹೆಣೆದುಕೊಂಡಿವೆ. ತಾಜಾ ಬ್ರೆಡ್ಡಿನ ತೂಕದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ನೀರೇ ಇರುವುದರಿಂದ ಗೋಡೆ ಮೆದು. ಹಾಲು ಹೊಕ್ಕೊಡನೆ ಕುಸಿದು ಹಿಟ್ಟಾಗುತ್ತದೆ. ತಂಗಳಾದ ಗೋಡೆ ಬಿರುಸಾಗಿರುವುದರಿಂದ ಹಾಲು ಕುಡಿದೂ ನಿಲ್ಲುತ್ತದೆ. ಅದು ತುಸು ಒಣಗಿಯೂ ಇದ್ದರೆ ಹೋದ ನೀರಿನ ಜಾಗವನ್ನು ಹಾಲು ಆಕ್ರಮಿಸುತ್ತದೆ, ರುಚಿ ಒಳಗೆ ಇಳಿಯುತ್ತದೆ. ಆದ್ದರಿಂದ ಕಟ್ಟಿಟ್ಟ ತಂಗಳು ಬ್ರೆಡ್ಡಿಗಿಂತ ತುಂಡು ಮಾಡಿ ತೆಳುಬಟ್ಟೆ ಮುಚ್ಚಿ ರಾತ್ರಿಯೆಲ್ಲ ಆರಲು ಬಿಟ್ಟದ್ದು ಮೇಲು. ಅವಸರವಿದ್ದರೆ 150° ಸೆ. ಓವನ್ನಿನಲ್ಲಿ ಕಾಲು ಗಂಟೆ ಒಣಗಿಸಬಹುದು. ಕೆಂಪಾಗಿಸಬೇಕಿಲ್ಲ.

ಮೂವತ್ತು ಗ್ರಾಂ ಪ್ರೋಟೀನು, ಒಂದು ಲೀಟರ್ ನೀರು

ಈಗ ಬ್ರೆಡ್ಡು ನೆನೆಯುವ ದ್ರವಕ್ಕೆ ಬರೋಣ. ಹಾಲು, ಮೊಟ್ಟೆ, ಸಕ್ಕರೆಗಳ ಈ ಮಿಶ್ರಣಕ್ಕೆ ಕಸ್ಟರ್ಡ್ ಎಂದು ಹೆಸರು. ಒಂದು ಲೀಟರ್ ಹಾಲು ಮತ್ತು ಕೆನೆಗೆ 4 ಇಡೀ ಮೊಟ್ಟೆ, 3 ಮೊಟ್ಟೆಗಳ ಹಳದಿ ಭಾಗ, 150 ಗ್ರಾಂ ಸಕ್ಕರೆ ಸೇರಿಸಿದೆವು ಎನ್ನೋಣ. ಮೊಟ್ಟೆಗಳಿಂದ ಬಂದ ಪ್ರೋಟೀನು ಲೆಕ್ಕ ಹಾಕಿದರೆ ಸುಮಾರು 33 ಗ್ರಾಂ. ಒಟ್ಟು ಮಿಶ್ರಣ 1.4 ಕಿಲೋಗ್ರಾಂ, ಅದರಲ್ಲಿ ಸುಮಾರು ಒಂದು ಲೀಟರ್ ನೀರೇ. ಹಾಲಿನಲ್ಲೂ ಪ್ರೋಟೀನು ಇದೆ ನಿಜ, ಆದರೆ ಅದರ ಮುಖ್ಯ ಪ್ರೋಟೀನಾದ ಕೇಸೀನ್ ಕಾಯಿಸಿದ ಮಾತ್ರಕ್ಕೆ ಗಟ್ಟಿಯಾಗುವುದಿಲ್ಲ. ಆಗುವಂತಿದ್ದರೆ ದಿನಾ ಹಾಲು ಕಾಯಿಸಿದಾಗ ಪಾತ್ರೆಯಲ್ಲಿ ಗಡ್ಡೆ ಕಾಣಬೇಕಿತ್ತು. ಅಂದರೆ ಮೊಟ್ಟೆಯ 33 ಗ್ರಾಂ ಪ್ರೋಟೀನು ಒಂದು ಲೀಟರ್ ನೀರನ್ನು ಅಲುಗದಂತೆ ಹಿಡಿದಿಡಬೇಕು.

ಹಸಿ ಮೊಟ್ಟೆಯಲ್ಲಿ ಪ್ರೋಟೀನು ಅಣುಗಳು ನೂಲಿನ ಉಂಡೆಗಳಂತೆ ಸುತ್ತಿಕೊಂಡು ನೀರಿನಲ್ಲಿ ತೇಲುತ್ತಿರುತ್ತವೆ. ಬಿಸಿ ತಾಗಿದಾಗ ಉಂಡೆ ಬಿಚ್ಚಿಕೊಳ್ಳುತ್ತದೆ, ಬಿಚ್ಚಿದ ನೂಲುಗಳು ಪರಸ್ಪರ ಅಂಟಿಕೊಂಡು ಬಲೆಯಾಗುತ್ತವೆ, ನೀರು ಆ ಬಲೆಯ ಕಣ್ಣುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಬರಿಯ ಮೊಟ್ಟೆಯಾದರೆ ಬಿಳಿಭಾಗ 62° ಸೆ. ಹತ್ತಿರ ಗಟ್ಟಿಯಾಗತೊಡಗುತ್ತದೆ, ಹಳದಿ ಭಾಗ 70° ಸೆ. ಸುಮಾರಿಗೆ ನಿಲ್ಲುತ್ತದೆ. ಕಸ್ಟರ್ಡಿನಲ್ಲಿ ಪ್ರೋಟೀನು ಅಣುಗಳು ಹಾಲಿನಿಂದಾಗಿ ದೂರದೂರವಾಗಿವೆ; ಸಕ್ಕರೆಯೂ ಅವು ಬಿಚ್ಚಿಕೊಳ್ಳುವುದಕ್ಕೆ ಅಡ್ಡಿ ಮಾಡುತ್ತದೆ. ಹೀಗಾಗಿ ಬಲೆ ಹೆಣೆದುಕೊಳ್ಳಲು 80° ಸೆ. ಸುಮಾರು ಬೇಕಾಗುತ್ತದೆ. 80ರಿಂದ 85ರ ನಡುವೆ ಕಸ್ಟರ್ಡ್ ಬೆಣ್ಣೆಯಂತೆ ನಯವಾಗಿ ನಿಲ್ಲುತ್ತದೆ. ಅದಕ್ಕೂ ಮೇಲೇರಿದರೆ ನೂಲುಗಳು ಇನ್ನಷ್ಟು ಬಿಗಿಯಾಗಿ ಅಂಟಿಕೊಂಡು ಬಲೆ ಕುಗ್ಗುತ್ತದೆ. ಒದ್ದೆಬಟ್ಟೆ ಹಿಂಡಿದಂತೆ ನೀರು ಹೊರಗೆ ಬರುತ್ತದೆ. ಮೊಸರು ನೀರೊಡೆಯುವುದನ್ನು ಬಲ್ಲವರಿಗೆ ಈ ದೃಶ್ಯ ಪರಿಚಿತ.

ಹಳದಿ ಭಾಗ ಹೆಚ್ಚಿದ್ದರೆ ಪುಡ್ಡಿಂಗ್ ಮೃದು ಏಕೆ? ಅದರಲ್ಲಿ ಮೂರನೆಯ ಒಂದರಷ್ಟು ಕೊಬ್ಬೇ ಇದೆ. ಕೆನೆಯ ಕೊಬ್ಬೂ ಸೇರಿ ಈ ಹನಿಗಳು ಪ್ರೋಟೀನಿನ ನೂಲುಗಳ ನಡುವೆ ಸಿಕ್ಕಿ ಬಲೆ ಬಿಗಿಯಾಗುವುದನ್ನು ತಡೆಯುತ್ತವೆ. ಶ್ರೀಮಂತ ಪುಡ್ಡಿಂಗ್ ಎಂದರೆ ಖರ್ಚಿನ ಪುಡ್ಡಿಂಗ್ ಮಾತ್ರವಲ್ಲ. ತಪ್ಪನ್ನು ಸ್ವಲ್ಪ ಮಟ್ಟಿಗೆ ಕ್ಷಮಿಸುವಂಥದ್ದು ಕೂಡ.

ಹಾಲಿನ ಪಾತ್ರವೂ ಕುತೂಹಲದ್ದು. ಒಂದು ಮೊಟ್ಟೆಯನ್ನು ಒಂದು ಲೋಟ ಹಾಲಿನ ಬದಲು ಒಂದು ಲೋಟ ನೀರಿನಲ್ಲಿ ಕದಡಿ ಹಬೆಯಲ್ಲಿ ಬೇಯಿಸಿದರೆ ಕಸ್ಟರ್ಡ್ ಆಗುವುದಿಲ್ಲ, ನೀರಿನಲ್ಲಿ ತೇಲುವ ಮೊಟ್ಟೆಯ ಚೂರುಗಳಾಗುತ್ತವೆ. ಅದೇ ನೀರಿಗೆ ಚಿಟಿಕೆ ಉಪ್ಪು ಸೇರಿಸಿದರೆ ಗಟ್ಟಿಯಾಗಿ ನಿಲ್ಲುತ್ತದೆ. ಮೊಟ್ಟೆಯ ಪ್ರೋಟೀನು ಅಣುಗಳಲ್ಲಿ ಬಹುಪಾಲು ಋಣವಿದ್ಯುತ್ತಿನವು; ಒಂದನ್ನೊಂದು ದೂಡುತ್ತವೆ. ಉಪ್ಪಿನ ಸೋಡಿಯಂ ಅಥವಾ ಹಾಲಿನ ಕ್ಯಾಲ್ಸಿಯಂನಂಥ ಧನ ಅಯಾನುಗಳು ಅವುಗಳ ಸುತ್ತ ನೆರೆದಾಗ ಈ ವಿಕರ್ಷಣೆ ತಗ್ಗಿ ಬಲೆ ಹೆಣೆದುಕೊಳ್ಳುತ್ತದೆ. ನೀರು, ಉಪ್ಪುನೀರು, ಹಾಲು ಎಂದು ಮೂರು ಲೋಟಗಳಲ್ಲಿ ಇದನ್ನು ಮಾಡಿ ತೋರಿಸಬಹುದು. ಅಯಾನುಗಳ ಪಾಠಕ್ಕೆ ಇದಕ್ಕಿಂತ ಅಗ್ಗದ ಪ್ರಯೋಗ ಸಿಗುವುದು ಕಷ್ಟ.

ಇನ್ನು ಸುರಕ್ಷತೆಯ ವಿಚಾರ. ಮೊಟ್ಟೆ ಸೇರಿಸಿದ ತಿನಿಸಿನ ನಡುಭಾಗ 71° ಸೆ. ಮುಟ್ಟಬೇಕೆಂದು ಅಮೆರಿಕದ ಕೃಷಿ ಇಲಾಖೆ ಸೂಚಿಸುತ್ತದೆ. ಇದನ್ನು ಹಗುರವಾಗಿ ಎಣಿಸುವಂತಿಲ್ಲ. 1988ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ಅಡುಗೆಯ ದಿನಗಳಲ್ಲೇ, ಬ್ರಿಟನ್ನಿನ ಆರೋಗ್ಯ ಖಾತೆಯ ಉಪಸಚಿವೆ ಎಡ್ವಿನಾ ಕರಿ ಅಲ್ಲಿನ ಮೊಟ್ಟೆ ಉತ್ಪಾದನೆಯ ಹೆಚ್ಚಿನ ಭಾಗಕ್ಕೆ ಸಾಲ್ಮೊನೆಲ್ಲ ತಗುಲಿದೆ ಎಂದರು. ಮೊಟ್ಟೆ ಮಾರಾಟ ಕುಸಿಯಿತು, ಎರಡು ವಾರದಲ್ಲಿ ಅವರು ರಾಜೀನಾಮೆ ಕೊಡಬೇಕಾಯಿತು. ಮಾತು ಉತ್ಪ್ರೇಕ್ಷೆಯದಾದರೂ ಸೋಂಕು ನಿಜವಾಗಿತ್ತು. 1998ರಿಂದ ಕೋಳಿಗಳಿಗೆ ಲಸಿಕೆ ಹಾಕುವ ವ್ಯವಸ್ಥೆ ಬಂದ ಮೇಲೆ ಪರಿಸ್ಥಿತಿ ಸುಧಾರಿಸಿ, ಸಿಂಹದ ಮುದ್ರೆಯಿರುವ ಮೊಟ್ಟೆಗಳನ್ನು ಅರೆಬೆಂದ ಸ್ಥಿತಿಯಲ್ಲೂ ತಿನ್ನಬಹುದೆಂದು 2017ರಲ್ಲಿ ಅಲ್ಲಿನ ಆಹಾರ ಪ್ರಾಧಿಕಾರ ಹೇಳಿತು. ಆ ಮಾತು ಆ ಮೊಟ್ಟೆಗಳಿಗಷ್ಟೇ ಅನ್ವಯಿಸುತ್ತದೆ.

ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ: ಬ್ಯಾಕ್ಟೀರಿಯ ಸಾಯಲು 71, ಕಸ್ಟರ್ಡ್ ನಿಲ್ಲಲು 80. ಕಸ್ಟರ್ಡ್ ನಡುವಿನವರೆಗೂ ಗಟ್ಟಿಯಾಗಿದೆ ಎಂದರೆ 71° ಸೆ. ದಾಟಿಯಾಗಿದೆ ಎಂದೇ ಅರ್ಥ. ಮೊಟ್ಟೆ ತಾನೇ ಇಲ್ಲಿ ಉಷ್ಣತಾಮಾಪಕ. ಆದರೆ ಬ್ರೆಡ್ ಪುಡ್ಡಿಂಗಿನಲ್ಲಿ ಈ ಮಾಪಕವನ್ನು ಓದುವಾಗ ಎಚ್ಚರ ಬೇಕು. ಬ್ರೆಡ್ಡಿನ ತುಂಡುಗಳು ದ್ರವವನ್ನು ಮರೆಮಾಡುವುದರಿಂದ ಮೇಲೆ ನೋಡಿ ಹೇಳಲಾಗದು. ನಡುಭಾಗವನ್ನು ಚಮಚದ ಹಿಂಬದಿಯಿಂದ ಒತ್ತಿದಾಗ ಹಾಲಿನಂಥ ದ್ರವ ಜಿನುಗಿದರೆ ಇನ್ನೂ ಬೆಂದಿಲ್ಲ. ಅಡುಗೆಯ ಉಷ್ಣತಾಮಾಪಕವಿದ್ದರೆ ಇನ್ನೂ ಒಳ್ಳೆಯದು; ನಡುವಿನಲ್ಲಿ 78-80° ತೋರಿಸಿದಾಗ ಹೊರಗೆ ತೆಗೆದರೆ ಅಂಚಿನ ಬಿಸಿ ಒಳಗೆ ಹರಿದು ಉಳಿದ ಕೆಲಸ ಮುಗಿಸುತ್ತದೆ. ಪ್ರಯೋಗಾಲಯದ ಪಾದರಸದ ಉಷ್ಣತಾಮಾಪಕವನ್ನು ಮಾತ್ರ ಆಹಾರದ ಹತ್ತಿರ ತರಕೂಡದು.

ನೀರಿನ ಕಾವಲು

ಓವನ್ನಿನ ಗಾಳಿ 165° ಸೆ., ಕಸ್ಟರ್ಡಿಗೆ ಬೇಕಾದದ್ದು 85ಕ್ಕಿಂತ ಕಡಿಮೆ. ಪಾತ್ರೆಯನ್ನು ನೇರವಾಗಿ ಒಳಗಿಟ್ಟರೆ ನಡುಭಾಗ 80 ಮುಟ್ಟುವ ವೇಳೆಗೆ ಅಂಚು 100ರ ಹತ್ತಿರ ಹೋಗಿ ಒಡೆದಿರುತ್ತದೆ. ಇದಕ್ಕೆ ಯೂರೋಪಿನ ಅಡುಗೆಯವರು ಕಂಡುಕೊಂಡ ಉಪಾಯ, ಪುಡ್ಡಿಂಗಿನ ಪಾತ್ರೆಯನ್ನು ಬಿಸಿನೀರು ತುಂಬಿದ ಅಗಲವಾದ ತಟ್ಟೆಯೊಳಗಿಟ್ಟು ಬೇಯಿಸುವುದು. ನೀರು 100° ಸೆ.ಗಿಂತ ಮೇಲೇರದು, ಆದ್ದರಿಂದ ಪುಡ್ಡಿಂಗ್ ಸುರಕ್ಷಿತ ಎಂದು ಸಾಮಾನ್ಯವಾಗಿ ವಿವರಿಸುತ್ತಾರೆ. ಈ ವಿವರಣೆ ಸಾಲದು, ಏಕೆಂದರೆ ಕಸ್ಟರ್ಡಿಗೆ 100 ಕೂಡ ಹೆಚ್ಚೇ.

ನಿಜದಲ್ಲಿ ತೆರೆದ ತಟ್ಟೆಯ ನೀರು ಓವನ್ನಿನಲ್ಲಿ ಕುದಿಯುವುದೇ ಇಲ್ಲ. ಬಿಸಿ ಒಣಗಾಳಿಗೆ ಒಡ್ಡಿದ ನೀರು ಮೇಲ್ಮೈಯಿಂದ ಆವಿಯಾಗುತ್ತಲೇ ಇರುತ್ತದೆ. ಪ್ರತಿ ಗ್ರಾಂ ನೀರು ಆವಿಯಾಗಲು ಸುಮಾರು 540 ಕ್ಯಾಲರಿ ಗುಪ್ತೋಷ್ಣವನ್ನು ಒಯ್ಯುತ್ತದೆ. ಓವನ್ ಕೊಡುವ ಶಾಖ ಮತ್ತು ಆವಿ ಒಯ್ಯುವ ಶಾಖ ಸಮವಾದ ಕಡೆ ಉಷ್ಣತೆ ನಿಂತುಬಿಡುತ್ತದೆ. ತಟ್ಟೆಯ ಲೋಹ, ಆಕಾರಗಳಿಗೆ ತಕ್ಕಂತೆ ಆ ಬಿಂದು 80ರಿಂದ 88° ಸೆ. ಒಳಗೆ ಇರುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಹೂಜಿಯ ನೀರು ತಣ್ಣಗಿರುವುದಕ್ಕೆ ಕಾರಣವಾದ ತತ್ತ್ವವೇ ಇಲ್ಲಿ ಒಲೆಯೊಳಗೆ ಕೆಲಸ ಮಾಡುತ್ತಿದೆ. ಕಸ್ಟರ್ಡಿಗೆ ಬೇಕಾದ ಉಷ್ಣತೆಯೂ ಹೆಚ್ಚುಕಡಿಮೆ ಅದೇ ಆಗಿರುವುದು ಅಡುಗೆಯವರ ಅದೃಷ್ಟ. ಹೊರತಟ್ಟೆಯನ್ನು ಅಲ್ಯೂಮಿನಿಯಂ ಹಾಳೆಯಿಂದ ಮುಚ್ಚಿದರೆ ಆವಿ ಹೊರಹೋಗದೆ ನೀರು ಕುದಿಯುತ್ತದೆ, ಉಪಾಯ ಕೆಡುತ್ತದೆ. ಆದ್ದರಿಂದ ಮುಚ್ಚಬಾರದು.

ನಮ್ಮ ಬಹುಪಾಲು ಮನೆಗಳಲ್ಲಿ ಓವನ್ ಇಲ್ಲ. ಇಡ್ಲಿ ಪಾತ್ರೆ ಅಥವಾ ತೂಕ ಹಾಕದ ಕುಕ್ಕರಿನಲ್ಲಿ ಹಬೆಯಲ್ಲೇ ಬೇಯಿಸಬಹುದು. ತೂಕ ಹಾಕಿದರೆ ಒಳಗೆ 120° ಸೆ. ಆಗುತ್ತದೆ, ಪುಡ್ಡಿಂಗ್ ಉಳಿಯದು. ಬಿಗಿಯಾಗಿ ಮುಚ್ಚಿದ ಇಡ್ಲಿ ಪಾತ್ರೆಯಲ್ಲೂ ಹಬೆ ನೂರರ ಹತ್ತಿರ ಇರುತ್ತದೆ. ಮುಚ್ಚಳವನ್ನು ತುಸು ಓರೆಮಾಡಿ ಉರಿ ಸಣ್ಣಗಿಟ್ಟರೆ ಹಬೆಯ ಜೊತೆ ಗಾಳಿ ಬೆರೆಯುತ್ತದೆ. ಅರ್ಧ ಹಬೆ, ಅರ್ಧ ಗಾಳಿ ಇರುವಲ್ಲಿ ನೀರಾವಿಯ ಆಂಶಿಕ ಒತ್ತಡ ಅರ್ಧ ವಾಯುಭಾರಮಾನ. ಅಂಥ ಆವಿ ಸುಮಾರು 81° ಸೆ.ನಲ್ಲಿ ನೀರಾಗುತ್ತದೆ. ಪಾತ್ರೆಗೆ ಶಾಖ ಕೊಡುವುದು ಮುಖ್ಯವಾಗಿ ಹೀಗೆ ಅದರ ಮೇಲೆ ನೀರಾಗುವ ಹಬೆಯೇ ಆದ್ದರಿಂದ ಉಷ್ಣತೆ ತಾನಾಗಿ ಇಳಿಯುತ್ತದೆ. ಮುಚ್ಚಳ ಓರೆ ಮಾಡುವ ಸಣ್ಣ ಕ್ರಿಯೆಯಲ್ಲಿ ಡಾಲ್ಟನ್ನನ ಆಂಶಿಕ ಒತ್ತಡದ ನಿಯಮ ಅಡಗಿದೆ ಎಂದು ಪಿ.ಯು.ಸಿ. ವಿದ್ಯಾರ್ಥಿಗಳಿಗೆ ಹೇಳಬಹುದು.

ಮಾಡುವ ಕ್ರಮ

8ರಿಂದ 10 ಮಂದಿಗೆ ಸಾಕಾಗುವಷ್ಟು ಸಾಮಗ್ರಿ: 400 ಗ್ರಾಂ ಬ್ರೆಡ್ಡು, 750 ಮಿ.ಲೀ. ಗಟ್ಟಿ ಹಾಲು, 250 ಮಿ.ಲೀ. ಕ್ರೀಮ್, 4 ಮೊಟ್ಟೆ ಮತ್ತು 3 ಹಳದಿ ಭಾಗ, 150 ಗ್ರಾಂ ಸಕ್ಕರೆ, 60 ಗ್ರಾಂ ಬೆಣ್ಣೆ, 75 ಗ್ರಾಂ ಒಣದ್ರಾಕ್ಷಿ, ಕಾಲು ಚಮಚ ಉಪ್ಪು, ಅರ್ಧ ಜಾಯಿಕಾಯಿಯ ತುರಿ, ಒಂದು ಚಮಚ ವೆನಿಲಾ. ಹತ್ತು ಪಾಲು ಮಾಡಿದರೆ ತಲಾ ಸುಮಾರು 400 ಕಿಲೋಕ್ಯಾಲರಿ ಆಗುತ್ತದೆ. ಹಬ್ಬದ ತಿನಿಸು ಎನ್ನುವುದು ಅದಕ್ಕೇ.

ಬ್ರೆಡ್ಡನ್ನು ಒಂದಂಗುಲದ ತುಂಡುಗಳಾಗಿ ಮಾಡಿ ಮೇಲೆ ಹೇಳಿದಂತೆ ಆರಿಸಿಕೊಳ್ಳಿ. ಒಣದ್ರಾಕ್ಷಿಯನ್ನು ಬೆಚ್ಚಗಿನ ಕಿತ್ತಳೆ ರಸದಲ್ಲಿ ಅರ್ಧ ಗಂಟೆ ನೆನೆಸಿ, ರಸವನ್ನು ಪೂರ್ತಿ ಬಸಿಯಿರಿ. ನೆನೆಸದೆ ಹಾಕಿದರೆ ಸಕ್ಕರೆ ತುಂಬಿದ ಒಣದ್ರಾಕ್ಷಿ ಪರಾಸರಣದಿಂದ ಸುತ್ತಲಿನ ಕಸ್ಟರ್ಡಿನ ನೀರನ್ನೇ ಎಳೆದುಕೊಳ್ಳುತ್ತದೆ; ಬಸಿಯದೆ ಹಾಕಿದರೆ ರಸದ ಆಮ್ಲ ಹಾಲನ್ನು ಒಡೆಯಬಹುದು. ಮೊಟ್ಟೆ, ಸಕ್ಕರೆ, ಉಪ್ಪುಗಳನ್ನು ನೊರೆ ಬರಿಸದೆ ಕಲಸಿ. ಹಾಲು ಮತ್ತು ಕ್ರೀಮನ್ನು ಕೈ ತಾಳುವಷ್ಟು ಬಿಸಿಮಾಡಿ, ಮೊಟ್ಟೆಗೆ ಸ್ವಲ್ಪ ಸ್ವಲ್ಪವಾಗಿ ಸುರಿಯುತ್ತ ತಿರುವಿ. ಕುದಿಯುವ ಹಾಲನ್ನು ಒಮ್ಮೆಗೇ ಸುರಿದರೆ ಅಲ್ಲೇ ಗಂಟು ಕಟ್ಟುತ್ತದೆ. ಜಾಯಿಕಾಯಿ, ವೆನಿಲಾ ಸೇರಿಸಿ ಸೋಸಿಕೊಳ್ಳಿ.

ಬೆಣ್ಣೆ ಸವರಿದ ಆಳವಿಲ್ಲದ ಪಾತ್ರೆಯಲ್ಲಿ ಬ್ರೆಡ್ಡು ಮತ್ತು ದ್ರಾಕ್ಷಿ ಹರಡಿ, ಕಸ್ಟರ್ಡ್ ಸುರಿದು, ಮೃದುವಾಗಿ ಒತ್ತಿ ಕನಿಷ್ಠ ಅರ್ಧ ಗಂಟೆ ಬಿಡಿ. ದ್ರವ ಲೋಮನಾಳ ಕ್ರಿಯೆಯಿಂದ ಒಳಗೇರಲು ಈ ಸಮಯ ಬೇಕು. ಹಬ್ಬದ ಹಿಂದಿನ ರಾತ್ರಿಯೇ ಮಾಡಿಟ್ಟುಕೊಳ್ಳುವವರು ಫ್ರಿಜ್ಜಿನಲ್ಲಿಡಬೇಕು. ಹಸಿ ಮೊಟ್ಟೆಯ ಮಿಶ್ರಣವನ್ನು ಕೋಣೆಯಲ್ಲಿ ಬಿಡಬಾರದು. ಕೆಲವು ತುಂಡುಗಳು ದ್ರವದಿಂದ ಮೇಲೆ ಚಾಚಿಕೊಂಡಿರಲಿ. ಅವುಗಳ ಮೇಲೆ ಕರಗಿಸಿದ ಬೆಣ್ಣೆ ಹನಿಸಿ. ಒದ್ದೆಯಾಗಿರುವವರೆಗೆ ಯಾವ ತುಂಡೂ 100° ಸೆ. ದಾಟದು, ಲೂಯಿ ಕಮೀಲ್ ಮೇಯಾರ್ 1912ರಲ್ಲಿ ವಿವರಿಸಿದ ಸಕ್ಕರೆ ಮತ್ತು ಅಮೈನೋ ಆಮ್ಲಗಳ ಕ್ರಿಯೆ ಬಿರುಸಾಗಲು, ಅಂದರೆ ತುಂಡು ಕೆಂಪಾಗಿ ಘಮಘಮಿಸಲು, ಅದಕ್ಕಿಂತ ಸಾಕಷ್ಟು ಹೆಚ್ಚಿನ ಉಷ್ಣತೆ ಬೇಕು. ಒಣಗಿ ಮೇಲೆದ್ದ ತುದಿಗಳಲ್ಲಿ ಮಾತ್ರ ಅದು ಸಾಧ್ಯ.

ಪಾತ್ರೆಯನ್ನು ಬಟ್ಟೆ ಹಾಸಿದ ಅಗಲ ತಟ್ಟೆಯಲ್ಲಿಟ್ಟು, ಅರ್ಧ ಎತ್ತರಕ್ಕೆ ಬಿಸಿನೀರು ಹಾಕಿ, 165° ಸೆ. ಓವನ್ನಿನಲ್ಲಿ ಒಂದರಿಂದ ಒಂದೂಕಾಲು ಗಂಟೆ ಬೇಯಿಸಿ. ಹಬೆಯಲ್ಲಾದರೆ ಇಷ್ಟನ್ನೂ ಒಂದೇ ಪಾತ್ರೆಯಲ್ಲಿ ಮಾಡಲಾಗದು. ಅರ್ಧ ಪ್ರಮಾಣ ತೆಗೆದುಕೊಂಡು, ಹನಿ ಬೀಳದಂತೆ ತಟ್ಟೆ ಮುಚ್ಚಿ, ಮುಕ್ಕಾಲು ಗಂಟೆಯ ನಂತರ ಒತ್ತಿ ನೋಡಿ. ಹಬೆಯಲ್ಲಿ ಬೆಂದದ್ದು ಕೆಂಪಾಗುವುದಿಲ್ಲ. ಹಿಡಿಯಷ್ಟು ಬ್ರೆಡ್ಡಿನ ಚೂರನ್ನು ತುಪ್ಪದಲ್ಲಿ ಹುರಿದು ಮೇಲೆ ಉದುರಿಸಿದರೆ ಆ ಕೊರತೆ ನೀಗುತ್ತದೆ.

ಮೊಟ್ಟೆ ತಿನ್ನದವರಿಗೆ

ಇಲ್ಲಿ ಎರಡು ದಾರಿಗಳಿವೆ. ಒಂದು, ಅಂಗಡಿಯಲ್ಲಿ ಸಿಗುವ ಕಸ್ಟರ್ಡ್ ಪುಡಿ. ಇದನ್ನು 1837ರಲ್ಲಿ ಬರ್ಮಿಂಗ್‌ಹ್ಯಾಮಿನ ಔಷಧ ವ್ಯಾಪಾರಿ ಆಲ್ಫ್ರೆಡ್ ಬರ್ಡ್ ತಯಾರಿಸಿದ, ಮೊಟ್ಟೆ ಒಗ್ಗದ ತನ್ನ ಹೆಂಡತಿಗಾಗಿ. ಅದು ಮುಖ್ಯವಾಗಿ ಜೋಳದ ಪಿಷ್ಟ. ಇಲ್ಲಿ ನೀರನ್ನು ಹಿಡಿಯುವುದು ಪ್ರೋಟೀನಿನ ಬಲೆಯಲ್ಲ, ಉಬ್ಬಿದ ಪಿಷ್ಟ. ಆದ್ದರಿಂದ ನಿಯಮ ತಿರುಗುಮುರುಗು: ಮೊದಲೇ ಹಾಲಿನಲ್ಲಿ ಕುದಿಸಿ ಗಟ್ಟಿ ಮಾಡಿಕೊಂಡು ಬ್ರೆಡ್ಡಿಗೆ ಸುರಿಯಬೇಕು, ಕುದಿಸಿದರೆ ಅದು ಒಡೆಯುವ ಭಯವಿಲ್ಲ.

ಎರಡನೆಯದು ಹೈದರಾಬಾದಿನ ಡಬಲ್ ಕಾ ಮೀಠಾ. ಹಿಂದೆ ನಿಜಾಮರ ಸಂಸ್ಥಾನಕ್ಕೆ ಸೇರಿದ್ದ ಬೀದರ್, ಕಲಬುರಗಿ ಕಡೆಯ ಮದುವೆ ಊಟಗಳಲ್ಲಿ ಇದನ್ನು ಉಂಡವರು ನಮ್ಮ ಓದುಗರಲ್ಲಿ ಅನೇಕರಿರಬಹುದು. ಬ್ರೆಡ್ಡಿಗೆ ಅಲ್ಲಿ ಡಬಲ್ ರೋಟಿ ಎಂಬ ಹೆಸರಿರುವುದರಿಂದ ತಿನಿಸಿಗೆ ಆ ಹೆಸರು. ಬ್ರೆಡ್ಡಿನ ಹೋಳನ್ನು ತುಪ್ಪದಲ್ಲಿ ಕರಿದು, ಸಕ್ಕರೆ ಪಾಕದಲ್ಲೂ ಬತ್ತಿಸಿದ ಹಾಲಿನಲ್ಲೂ ನೆನೆಸುತ್ತಾರೆ. ಕರಿಯುವಾಗ ನೀರು ಗುಳ್ಳೆಗಳಾಗಿ ಹೊರಹೋಗಿ ಗೋಡೆಗಳು ಗರಿಗರಿಯಾಗುತ್ತವೆ. ಪಾಕ ಒಳಗೆ ಹೊಕ್ಕರೂ ಹೋಳು ಕದಡುವುದಿಲ್ಲ. ಇಂಗ್ಲೆಂಡಿನವರು ತಂಗಳಿಟ್ಟು ಸಾಧಿಸಿದ್ದನ್ನು ಇಲ್ಲಿ ಐದು ನಿಮಿಷದ ಕಾದ ತುಪ್ಪ ಸಾಧಿಸುತ್ತದೆ. ಮೊಟ್ಟೆಯಿಲ್ಲದ ಕಾರಣ 80, 85ರ ಲೆಕ್ಕಾಚಾರವೂ ಇಲ್ಲ.

ರಮ್ಮಿನ ಮಾತು, ಮಿಕ್ಕ ಪುಡ್ಡಿಂಗಿನ ಮಾತು

ಅಮೆರಿಕದ ನ್ಯೂ ಆರ್ಲಿಯನ್ಸಿನಲ್ಲಿ ಬ್ರೆಡ್ ಪುಡ್ಡಿಂಗಿನ ಮೇಲೆ ವಿಸ್ಕಿ ಬೆರೆಸಿದ ಬೆಣ್ಣೆ ಸಾರ ಸುರಿಯುವ ರೂಢಿಯಿದೆ. ಬೇರೆಡೆ ಒಣದ್ರಾಕ್ಷಿಯನ್ನು ರಮ್ಮಿನಲ್ಲಿ ನೆನೆಸುತ್ತಾರೆ. ಆಲ್ಕೊಹಾಲಿನ ಕುದಿಬಿಂದು 78° ಸೆ. ಆದ್ದರಿಂದ ಬೇಯಿಸಿದಾಗ ಪೂರ್ತಿ ಹಾರಿಹೋಗುತ್ತದೆ ಎಂಬ ನಂಬಿಕೆ ತಪ್ಪು. ನೀರಿನೊಡನೆ ಬೆರೆತ ಆಲ್ಕೊಹಾಲು ನೀರಿನ ಜೊತೆಗೇ ಕ್ರಮೇಣ ಹೊರಹೋಗುತ್ತದೆ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದ ಪ್ರಕಾರ ಒಂದು ಗಂಟೆ ಬೇಯಿಸಿದ ತಿನಿಸಿನಲ್ಲೂ ಕಾಲು ಭಾಗ ಉಳಿಯುತ್ತದೆ. ಕುದಿಯುವ ದ್ರವಕ್ಕೆ ಹಾಕಿ ತಕ್ಷಣ ಇಳಿಸಿದರೆ 85 ಶೇಕಡದಷ್ಟು ಉಳಿಯುತ್ತದೆ. ಮಕ್ಕಳು ತಿನ್ನುವ ಪುಡ್ಡಿಂಗಿಗೆ, ಮದ್ಯ ವರ್ಜಿಸಿದವರಿಗೆ ಕಿತ್ತಳೆ ರಸವೇ ಸರಿ.

ಮಿಕ್ಕದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿದರೆ ಮೂರು ದಿನ ಇಡಬಹುದು. ಮರುದಿನ ತೆಗೆದು ನೋಡಿದರೆ ಅದು ಗಟ್ಟಿಯಾಗಿರುತ್ತದೆ: ಬೆಣ್ಣೆ ಹೆಪ್ಪುಗಟ್ಟಿದೆ, ಬ್ರೆಡ್ಡಿನ ಪಿಷ್ಟ ಮತ್ತೊಮ್ಮೆ ತಂಗಳಾಗಿದೆ. ಮುಚ್ಚಿ ಹಬೆಯಲ್ಲಿ ಬಿಸಿಮಾಡಿದರೆ ಇವೆರಡೂ ಮರಳಿ ಮೆತ್ತಗಾಗುತ್ತವೆ. ಮೊಟ್ಟೆಯ ಬಲೆ ಮಾತ್ರ ಬಿಚ್ಚಿಕೊಳ್ಳುವುದಿಲ್ಲ. ಪಿಷ್ಟದ ಬದಲಾವಣೆ ಹಿಂದಿರುಗಿಸಬಹುದಾದದ್ದು, ಪ್ರೋಟೀನಿನದು ಹಿಂದಿರುಗದಂಥದ್ದು. ಆದ್ದರಿಂದ ಎರಡನೆಯ ಬಾರಿಯೂ ಉರಿ ಸಣ್ಣಗಿರಲಿ. ನಡುಭಾಗ 74° ಸೆ. ಮುಟ್ಟಿದರೆ ಸಾಕು, ಅಲ್ಲಿಗೆ ಇಳಿಸಬಹುದು.